ಸಹಿ ಹಾಕುವ ಮುಂಚೆ

ಪುಟ್ಟಿ,

ಮನೆಯ ಸುದ್ದಿ ನಿನ್ನ ಅಮ್ಮ ಹೇಳಿರುತ್ತಾಳೆ, ಅದು ಬಿಡು. "ಕೆಲಸದ ಅರ್ಜಿಗಳನ್ನು ಎಐ ಆರಿಸುತ್ತದೆ, ಸಹಿ ಮಾತ್ರ ನನ್ನದು, ನನ್ನನ್ನು ಯಾಕೆ ಬಿಟ್ಟಿರಿ ಅಂತ ಯಾರಾದರೂ ಕೇಳಿದರೆ ಏನು ಹೇಳಲಿ ದೊಡ್ಡಮ್ಮ" ಅಂತ ಬರೆದಿದ್ದೀಯಲ್ಲ, ಅದನ್ನು ಓದಿದಾಗಿನಿಂದ ನನಗೆ ಸಮಾಧಾನವಿಲ್ಲ.

ನಿನ್ನ ಭಯ ಸುಮ್ನೆ ಹುಟ್ಟಿದ್ದಲ್ಲ. ಅಮೆಜಾನ್ ಕಂಪನಿಯೂ ಅರ್ಜಿಗಳಿಗೆ ಅಂಕ ಕೊಡುವ ಇಂಥದ್ದೇ ಒಂದು ಎಐ ಮಾಡಿ, ಕೊನೆಗೆ ಕೈಬಿಟ್ಟಿತು. 2018ರಲ್ಲಿ ಸುದ್ದಿ ಹೊರಗೆ ಬಂತು. ಅದು ಕಲಿತದ್ದು ಹಳೆಯ ಅರ್ಜಿಗಳಿಂದ, ಅವುಗಳಲ್ಲಿ ಗಂಡಸರದ್ದೇ ಜಾಸ್ತಿ, ಹಾಗಾಗಿ 'ಮಹಿಳೆಯರ' ಅನ್ನುವ ಪದ ಕಂಡರೆ ಅಂಕ ಇಳಿಸುತ್ತಿತ್ತು. ಹಾಗೆ ಮಾಡು ಅಂತ ಯಾರೂ ಹೇಳಿಕೊಟ್ಟಿರಲಿಲ್ಲ. ನನಗೆ ಹೆದರಿಕೆಯಾಗುವುದೇ ಅದಕ್ಕೆ. ಅನ್ಯಾಯ ಆಗಿರುತ್ತದೆ, ಆದರೆ ನಾನು ಮಾಡಿದೆ ಅನ್ನುವವರು ಯಾರೂ ಇರುವುದಿಲ್ಲ.

ನಮ್ಮ ಆಫೀಸಿಗೆ ಕಂಪ್ಯೂಟರ್ ಬಂದ ಹೊಸದರಲ್ಲಿ ವಯಸ್ಸಾದ ಒಬ್ಬರು ಪಿಂಚಣಿ ನಿಂತುಹೋಗಿದೆ ಅಂತ ಮತ್ತೆ ಮತ್ತೆ ಬರುತ್ತಿದ್ದರು. "ಕಂಪ್ಯೂಟರ್‌ನಲ್ಲಿ ಹಾಗೇ ಇದೆ" ಅಂತ ಸಾಹೇಬರು ವಾಪಸ್ ಕಳಿಸುತ್ತಿದ್ದರು. ಆ ವಯಸ್ಸಾದವರ ಲೆಕ್ಕದ ಹಳೆಯ ಪುಸ್ತಕ ನನ್ನ ಹಿಂದಿನ ಬೀರುವಿನಲ್ಲೇ ಇತ್ತು, ತೆಗೆದು ನೋಡಿ ಅಂತ ಹೇಳುವ ಧೈರ್ಯ ಆಗ ನನಗಿರಲಿಲ್ಲ. ಒಂದು ದಿನ ಅವರು ಬರುವುದು ನಿಂತಿತು. ಈಗಲೂ ಕೆಲವು ರಾತ್ರಿ ನೆನಪಾಗುತ್ತಾರೆ.

ಉತ್ತರ ಹೇಳಬೇಕಾದವರು ಯಾರು ಅನ್ನುವ ಪ್ರಶ್ನೆ ಕೆನಡಾದಲ್ಲೂ ಎದ್ದಿತ್ತು. ಏರ್ ಕೆನಡಾ ವಿಮಾನ ಕಂಪನಿಯ ಚಾಟ್‌ಬಾಟ್, ಅಂದರೆ ಕೇಳಿದ್ದಕ್ಕೆ ತಾನೇ ಉತ್ತರ ಬರೆಯುವ ಕಂಪ್ಯೂಟರ್ ಪ್ರೋಗ್ರಾಂ, ಒಬ್ಬ ಪ್ರಯಾಣಿಕರಿಗೆ ಟಿಕೆಟ್ ರಿಯಾಯಿತಿಯ ಬಗ್ಗೆ ತಪ್ಪು ಹೇಳಿತು. ಅದು ಹೇಳಿದ್ದಕ್ಕೆ ನಾವು ಹೊಣೆಯಲ್ಲ ಅಂತ ಕಂಪನಿ ವಾದಿಸಿತು. 2024ರಲ್ಲಿ ಅಲ್ಲಿನ ನ್ಯಾಯಮಂಡಳಿ ಅದನ್ನು ಒಪ್ಪದೆ ಕಂಪನಿಯಿಂದಲೇ ಪರಿಹಾರ ಕೊಡಿಸಿತು. ಓದಿ ಸಂತೋಷವಾಯಿತು. ಆದರೆ ನಿನ್ನಲ್ಲಿ ಬರುವ ಅರ್ಜಿದಾರರಿಗೆ ತಮ್ಮನ್ನು ಬಿಟ್ಟದ್ದು ಮೆಷಿನ್ ಅಂತಲೇ ಗೊತ್ತಾಗುವುದಿಲ್ಲ, ಅಲ್ವಾ? ಅವರು ಎಲ್ಲಿಗೆ ಹೋಗಿ ಕೇಳಬೇಕು?

ನಿನ್ನ ಕೆಲಸ ನನಗಿಂತ ನಿನಗೇ ಚೆನ್ನಾಗಿ ಗೊತ್ತು, ಆದರೂ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ಸಹಿ ಹಾಕುವ ಮುಂಚೆ ಎಐ ಬೇಡ ಅಂದ ಅರ್ಜಿಗಳಲ್ಲಿ ಕೆಲವನ್ನಾದರೂ ನೀನೇ ಕೂತು ಓದು. ಅದರ ತೀರ್ಮಾನ ಬದಲಿಸುವ ಅಧಿಕಾರ ನಿನಗಿದೆಯಾ ಅಂತ ಮೇಲಿನವರನ್ನು ಕೇಳು, ಬಾಯಿಮಾತಲ್ಲಿ ಬೇಡ, ಇಮೇಲ್‌ನಲ್ಲಿ. ಯುರೋಪಿನ ಹೊಸ ಎಐ ಕಾನೂನು ಕೆಲಸಕ್ಕೆ ಆರಿಸುವ ಇಂಥ ವ್ಯವಸ್ಥೆಗಳನ್ನು ಹೆಚ್ಚು ಅಪಾಯದವು ಅಂತಲೇ ಗುರುತಿಸಿದೆ, ಮನುಷ್ಯರ ನಿಗಾ ಇರಲೇಬೇಕು ಅನ್ನುತ್ತದೆ. ಹಾಗಾಗಿ ನೀನು ಕೇಳುತ್ತಿರುವುದು ಅತಿಯಾಯಿತು ಅಂತ ಯಾರಾದರೂ ಅಂದರೆ ಕುಗ್ಗಬೇಡ.

ಅಧಿಕಾರ ಇಲ್ಲ ಅಂದರೆ? ಆಗ ಸಹಿ ಹಾಕು ಅಂತಲೋ ಬೇಡ ಅಂತಲೋ ಇಲ್ಲಿ ಕೂತು ಹೇಳುವುದು ನನಗೆ ಕಷ್ಟ, ಸಂಬಳ ನಂಬಿಕೊಂಡಿರುವವಳು ನೀನು. ಅವರು ಏನು ಉತ್ತರ ಕೊಟ್ಟರು ಅಂತ ಮಾತ್ರ ತಪ್ಪದೆ ಬರಿ.

ನಿನ್ನ ದೊಡ್ಡಮ್ಮ