ಪೋಸ್ಟರ್‌ನಲ್ಲಿ ಹೆಸರಿಲ್ಲದ ನಮ್ಮವರಿಗೆ

ದೀಪಾವಳಿ ಕಳೆದ ಮೇಲೆ ನಮ್ಮ ವಿಶ್ವವಿದ್ಯಾಲಯದ ರಂಗತಂಡದ ಈ ವರ್ಷದ ನಾಟಕಗಳು ಶಿವಮೊಗ್ಗದಲ್ಲಿ ಶುರುವಾಗುತ್ತವೆ. ಮೂರು ನಾಟಕ. ಆಡುವವರು, ಸೆಟ್ ಕಟ್ಟುವವರು, ಬೆಳಕು ಮಾಡುವವರು ಎಲ್ಲರೂ ವಿದ್ಯಾರ್ಥಿಗಳೇ. ನಮ್ಮ ಹೆಸರುಗಳೆಲ್ಲ ಪೋಸ್ಟರ್‌ನಲ್ಲಿವೆ. ಆದರೆ ಈ ನಾಟಕಗಳು ನಿಲ್ಲದಂತೆ ನೋಡಿಕೊಂಡವರ ಹೆಸರು ಅದರಲ್ಲಿಲ್ಲ. ಹಾಕ್ತೀವಿ ಅಂದರೆ ಅವರೇ ಬೇಡ ಅಂದರು. ಹೆಸರು ಬೇಡವಾದರೆ ಬೇಡ, ಮಾಡಿದ ಉಪಕಾರವನ್ನಾದರೂ ಹೇಳದೆ ಇರಲು ನನ್ನಿಂದ ಆಗುವುದಿಲ್ಲ.

ಜೂನ್ ಕೊನೆಗೆ ಆರಿದ್ರಾ ಮಳೆ ಹಿಡಿದಾಗ ನಮ್ಮ ತಾಲೀಮು ಹಾಲ್‌ನ ಮಾಡು ಸೋರತೊಡಗಿತು. ಮೊದಲು ಒಂದು ಮೂಲೆ, ಆಮೇಲೆ ಸ್ವಿಚ್ ಬೋರ್ಡ್ ಇದ್ದ ಗೋಡೆ. ಕರೆಂಟ್ ಹೊಡೆದೀತು ಅಂತ ಹಾಲ್‌ಗೆ ಬೀಗ ಬಿತ್ತು. ಮಳೆಗಾಲದಲ್ಲಿ ಅಷ್ಟು ಜನ ಕೈಕಾಲು ಆಡಿಸುವಂಥ ಒಣ ಜಾಗ ಮಲೆನಾಡಿನಲ್ಲಿ ಎಲ್ಲಿ ಸಿಗುತ್ತದೆ? ಕಲ್ಯಾಣ ಮಂಟಪದ ಬಾಡಿಗೆ ಕೇಳಿಯೇ ವಾಪಸ್ ಬಂದೆವು. ಈ ವರ್ಷ ನಾಟಕ ಬಿಟ್ಟುಬಿಡೋಣ ಅನ್ನುವ ಮಾತೂ ಬಂತು.

ಆಗ ನಮ್ಮ ತಂಡದ ಹುಡುಗಿಯೊಬ್ಬಳ ಸೋದರಮಾವ ತಮ್ಮ ತೋಟದ ಅಡಿಕೆ ಸುಲಿಯುವ ಶೆಡ್ಡಿನ ಕೀಲಿ ತಂದುಕೊಟ್ಟರು. "ಕೊಯ್ಲು ಶುರುವಾಗೋ ತನಕ ಅದು ಖಾಲಿನೇ ಇರ್ತದೆ. ದಸರಾ ಹೊತ್ತಿಗೆ ಬಿಟ್ಟುಕೊಡಿ, ಸಾಕು" ಅಂದರು. ಬಾಡಿಗೆ ಮಾತೆತ್ತಲು ಬಿಡಲಿಲ್ಲ. ನಾವು ಬರಿಗಾಲಲ್ಲಿ ಓಡಾಡುತ್ತೇವೆ ಅಂತ ಗೊತ್ತಾದ ಮೇಲೆ ಮೆಟ್ಟುಗತ್ತಿಗಳನ್ನೆಲ್ಲ ತಾವೇ ಅಟ್ಟಕ್ಕೆ ಹಾಕಿ, ನೆಲ ಗುಡಿಸಿಟ್ಟಿದ್ದರು. ಮಾವ, ನೀವು ಕೊಟ್ಟ ಕೀಲಿಯಿಂದಲೇ ಈ ವರ್ಷದ ನಾಟಕ ಉಳಿದಿದ್ದು.

ಶೆಡ್ಡಿಗೆ ತಗಡಿನ ಮಾಡು. ಮಳೆ ಜೋರಾದರೆ ಪಕ್ಕದಲ್ಲಿ ನಿಂತವರ ಮಾತೂ ಕೇಳುತ್ತಿರಲಿಲ್ಲ. ಹೆಗ್ಗೋಡಿನ ನೀನಾಸಂ ರಂಗಶಿಕ್ಷಣ ಕೇಂದ್ರದಲ್ಲಿ ಕಲಿತ ಅಣ್ಣ ಒಬ್ಬರು ಬಿಡುವು ಮಾಡಿಕೊಂಡು ಬಸ್ಸಿನಲ್ಲಿ ಬರುತ್ತಿದ್ದರು. ಅವರು ಒಂದು ಸಂಜೆ, "ಮಾತು ಬಿಡಿ. ಇಡೀ ದೃಶ್ಯ ಮಾತಿಲ್ಲದೆ ಮಾಡಿ ತೋರಿಸಿ" ಅಂದರು. ಆಗ ಗೊತ್ತಾಯಿತು, ಯಾರು ಸುಮ್ನೆ ನಿಂತಿದ್ದಾರೆ, ಯಾರು ಎದುರಿನವರನ್ನು ನಿಜವಾಗಿ ನೋಡುತ್ತಿದ್ದಾರೆ ಅಂತ. ನಮ್ಮ ಬ್ಲಾಕಿಂಗ್‌ನಲ್ಲಿ, ಅಂದರೆ ಯಾರು ಎಲ್ಲಿ ನಿಲ್ಲಬೇಕು, ಎತ್ತ ನಡೆಯಬೇಕು ಅನ್ನುವುದರಲ್ಲಿ, ಅರ್ಧಕ್ಕರ್ಧ ಆವತ್ತೇ ಬದಲಾಯಿತು. 1980ರಲ್ಲಿ ಶುರುವಾದ ಆ ಕೇಂದ್ರ ನಮ್ಮದೇ ಜಿಲ್ಲೆಯಲ್ಲಿರುವುದು ಎಂಥ ಭಾಗ್ಯ ಅಂತ ನಾನು ಬರೀ ಓದಿ ತಿಳಿದಿದ್ದೆ. ಈ ಮಳೆಗಾಲದಲ್ಲಿ ಅದು ಅನುಭವಕ್ಕೆ ಬಂತು.

ಮೊದಲ ನಾಟಕ ಕುವೆಂಪು ಅವರ 'ರಕ್ತಾಕ್ಷಿ'. ಶೇಕ್ಸ್‌ಪಿಯರ್‌ನ ಹ್ಯಾಮ್ಲೆಟ್ ಕಥೆಯನ್ನು ಅವರು ನಮ್ಮ ಬಿದನೂರಿಗೆ, ಕೆಳದಿ ಅರಸರ ಕಾಲಕ್ಕೆ ತಂದಿದ್ದಾರೆ. ಆ ಬಿದನೂರೇ ಇವತ್ತಿನ ಹೊಸನಗರ ತಾಲ್ಲೂಕಿನ 'ನಗರ' ಅನ್ನುವ ಊರು; ಅಲ್ಲಿನ ಕೋಟೆ ನೋಡಿದವರಿಗೆ ಈ ನಾಟಕ ಬೇರೆಯೇ ರೀತಿ ತಟ್ಟುತ್ತದೆ. ಹ್ಯಾಮ್ಲೆಟ್‌ನ ಒಫೀಲಿಯಾಳ ಜಾಗದಲ್ಲಿ ಇಲ್ಲಿರುವ ರುದ್ರಾಂಬೆ ಅತ್ತು ಕರಗಿಹೋಗುವವಳಲ್ಲ, ಸೇಡಿಗೆ ನಿಲ್ಲುವವಳು. ಆ ಬದಲಾವಣೆ ಮೈಯಲ್ಲಿ ಕಾಣಬೇಕಲ್ವಾ? ಅದನ್ನು ಕಲಿಸಿದ್ದು ಯಕ್ಷಗಾನದ ಹಿರಿಯ ವೇಷಧಾರಿಯೊಬ್ಬರು. ಮಳೆಗಾಲದಲ್ಲಿ ಮೇಳಗಳ ತಿರುಗಾಟ ಇರುವುದಿಲ್ಲ. ಅವರಿಗೆ ಸಿಗುವ ವಿಶ್ರಾಂತಿಯೇ ಆ ತಿಂಗಳುಗಳು. ಅದರಲ್ಲೂ ನಮ್ಮ ಹುಡುಗಿಗೆ ಕಣ್ಣು, ಕತ್ತು, ಹೆಜ್ಜೆ ಮೂರೂ ಒಟ್ಟಿಗೆ ತಿರುಗಬಾರದು, ಒಂದಾದ ಮೇಲೆ ಒಂದು ತಿರುಗಬೇಕು ಅಂತ ತಾಳ್ಮೆಯಿಂದ ಹೇಳಿಕೊಟ್ಟರು. ಗುರುಗಳೇ, ನಿಮಗೆ ದೊಡ್ಡ ನಮಸ್ಕಾರ.

ಎರಡನೆಯದು ಲಂಕೇಶರ 'ಸಂಕ್ರಾಂತಿ'. ಬಸವಣ್ಣ, ಬಿಜ್ಜಳರ ಕಾಲದ ಕಲ್ಯಾಣದ ಕಥೆ. ಲಂಕೇಶರು ಹುಟ್ಟಿದ ಕೊನಗವಳ್ಳಿ ಶಿವಮೊಗ್ಗ ತಾಲ್ಲೂಕಿನದೇ ಊರು ಅನ್ನುವುದು ನಮ್ಮ ಹುಡುಗರಿಗೆ ಬಲು ಹೆಮ್ಮೆ. ಇದರ ಬಟ್ಟೆಗಳನ್ನೆಲ್ಲ ಬರೀ ನೂಲಿನ ದುಡ್ಡಿಗೆ ಹೊಲಿದುಕೊಟ್ಟ ಟೈಲರ್ ಅಣ್ಣನಿಗೆ ಎಷ್ಟು ಹೇಳಿದರೂ ಕಡಿಮೆಯೇ.

ಮೂರನೆಯದು ನಾವೇ ಕಟ್ಟಿದ್ದು, ಶರಾವತಿ ಮುಳುಗಡೆಯ ಮೇಲೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ನದಿಯ ಅಕ್ಕಪಕ್ಕದ ಊರುಗಳು ನೀರಿನ ಕೆಳಗೆ ಹೋದವು. ಆ ಜನ ಜಿಲ್ಲೆಯ ಬೇರೆ ಬೇರೆ ಕಡೆ ಬಂದು ಕಾಡಂಚಿನಲ್ಲಿ ನೆಲೆ ನಿಂತರು. ಅವರಲ್ಲಿ ಎಷ್ಟೋ ಕುಟುಂಬಗಳಿಗೆ ಇಂದಿಗೂ ಜಮೀನಿನ ಹಕ್ಕುಪತ್ರ ಸಿಕ್ಕಿಲ್ಲ. ಈ ಕಥೆ ಆಡಲೇಬೇಕು ಅಂತ ಹಟ ಹಿಡಿದವರು ಮೊದಲ ವರ್ಷದ ಮಕ್ಕಳು. ಅವರ ಹಟ ದೊಡ್ಡದು.

ಮುಳುಗಡೆ ಊರಿನಿಂದ ಬಂದ ಒಬ್ಬ ಅಜ್ಜಿಯ ಮನೆಗೆ ಹೋಗಿದ್ದೆವು. ಮದುವೆಯಾಗಿ ಹೋದ ಮನೆಯನ್ನು ಕೆಲವೇ ವರ್ಷದಲ್ಲಿ ಬಿಟ್ಟು ಬಂದವರು. "ಹೆಂಚು ಇಳಿಸಿದ್ವಿ, ಬಾಗ್ಲು ಕಿತ್ತು ಲಾರಿಗೆ ಹಾಕಿದ್ವಿ. ಒಲೆ ಒಂದು ತರಕ್ಕೆ ಆಗ್ಲಿಲ್ಲ" ಅಂದರು. ಆಮೇಲೆ ಒಳಗೆ ಹೋಗಿ ಮರದ ಕೊಳಗವೊಂದನ್ನು ತಂದು ಮುಂದಿಟ್ಟರು. ಭತ್ತ ಅಳೆಯುವ ಕೊಳಗ, ಬಾಯಿಗೆ ಹಿತ್ತಾಳೆಯ ಪಟ್ಟಿ. ಆ ಮನೆಯಿಂದ ಬಂದದ್ದು. ನಾಟಕಕ್ಕೆ ಇಟ್ಟುಕೊಳ್ಳಿ ಅಂತ ಅವರೇ ಕೊಟ್ಟರು. ಒಂದೇ ಮಾತು ಹೇಳಿದರು: "ಬರಿದು ಮಾಡಿ ಇಡಬೇಡಿ ಮಕ್ಕಳೇ, ಒಂದು ಹಿಡಿ ಭತ್ತ ಇರಲಿ." ರಂಗದ ಮೇಲೆ ಬಳಸುವ ಸಾಮಾನುಗಳ ನಮ್ಮ ಪಟ್ಟಿಯಲ್ಲಿ ಈಗ ಕೊಳಗದ ಮುಂದೆ 'ಭತ್ತದ ಸಮೇತ' ಅಂತ ಬರೆದಿದೆ. ಅಷ್ಟು ವರ್ಷ ಜೋಪಾನ ಮಾಡಿದ್ದನ್ನು ಪರಿಚಯವೇ ಇಲ್ಲದ ಹುಡುಗರ ಕೈಗೆ ಕೊಟ್ಟರಲ್ಲ, ಆ ನಂಬಿಕೆಗೆ ಏನು ಹೇಳಬೇಕೋ ನನಗೆ ತಿಳಿಯದು.

ಇನ್ನೂ ಇದ್ದಾರೆ. ಗಂಟಲು ಕಟ್ಟಿದವರಿಗೆಲ್ಲ ಜೀರಿಗೆ, ಕೊತ್ತಂಬರಿ, ಮೆಣಸು ಹಾಕಿ ಬಿಸಿ ಬಿಸಿ ಕಷಾಯ ಕಾಯಿಸಿ ಕಳಿಸಿದ ಮೆಸ್ಸಿನ ಅಕ್ಕ. ತಾಲೀಮು ಮುಗಿಯುವುದು ತಡವಾದರೆ ಕೊನೆಯ ಬಸ್ಸನ್ನು ತುಸು ನಿಲ್ಲಿಸಿಕೊಂಡ ಕಂಡಕ್ಟರ್ ಅಣ್ಣ. ರಾತ್ರಿ ಮನೆಗೆ ತಡವಾಗಿ ಬರುವ ಹೆಣ್ಣುಮಕ್ಕಳನ್ನು ನಾಟಕ ಬಿಡು ಅನ್ನದೆ, ಟಾರ್ಚ್ ಹಿಡಿದು ಬಸ್‌ಸ್ಟಾಪಿನಲ್ಲಿ ಕಾದ ಅಪ್ಪಂದಿರು, ಅಮ್ಮಂದಿರು. ನಿಮಗೆಲ್ಲ ತುಂಬಾ ತುಂಬಾ ಥ್ಯಾಂಕ್ಸ್.

ಮಾತು ಕೊಟ್ಟ ಹಾಗೆ ಶೆಡ್ ಬಿಟ್ಟುಕೊಟ್ಟಿದ್ದೇವೆ. ಹಾಲ್‌ನ ಮಾಡು ರಿಪೇರಿಯಾಗಿದೆ, ನಾಟಕವನ್ನು ಮೊದಲಿನಿಂದ ಕೊನೆಯವರೆಗೆ ಆಡಿ ನೋಡುವ ರನ್ ಥ್ರೂ ಅಲ್ಲೇ ನಡೆಯುತ್ತಿದೆ. ಮೂರೂ ನಾಟಕಗಳಿಗೆ ಮುಂದಿನ ಸಾಲು ಇವರಿಗೆಲ್ಲ ಮೀಸಲು. ಕೊಯ್ಲಿನ ಗಡಿಬಿಡಿ ನಡುವೆಯೂ ಒಂದು ಸಂಜೆ ಮನೆಯವರೆಲ್ಲ ಬರ್ತೀವಿ ಅಂತ ಮಾವ ಹೇಳಿದ್ದಾರೆ. ಅಜ್ಜಿಗೆ ಮಂಡಿನೋವು, ಬಸ್ ಹತ್ತಲು ಆಗುವುದಿಲ್ಲ. ನಾಟಕದ ದಿನ ಕಾರು ಇರುವವರು ಯಾರಾದರೂ ಅವರನ್ನು ಕರೆತಂದು ವಾಪಸ್ ಬಿಡುವುದಾದರೆ ದಯವಿಟ್ಟು ನಮ್ಮ ತಂಡದವರಿಗೆ ಒಂದು ಮಾತು ತಿಳಿಸಿ.