ಹೋಮಿಯೋಸ್ಟಾಸಿಸ್ ಓದುತ್ತಿರುವವರಿಗೆ

ನರ್ಸಿಂಗ್ ಗೆಳೆಯರೇ, ಭಾನುವಾರ ಬೆಳಿಗ್ಗೆ 10ಕ್ಕೆ ಪ್ಯಾಥೋಫಿಸಿಯಾಲಜಿ (ಕಾಯಿಲೆ ಬಂದಾಗ ದೇಹದ ಕೆಲಸ ಹೇಗೆ ಬದಲಾಗುತ್ತದೆ ಎಂಬ ವಿಷಯ) ಓದಲು ಸೇರೋಣ.

ಹೋಮಿಯೋಸ್ಟಾಸಿಸ್ ಅಂದರೆ ದೇಹ ತನ್ನ ಒಳಗಿನ ಸ್ಥಿತಿಯನ್ನು ಸಮತೋಲನದಲ್ಲಿ ಇಟ್ಟುಕೊಳ್ಳುವುದು. ಈ ವ್ಯಾಖ್ಯೆ ಬಾಯಿಪಾಠ ಮಾಡಿದರೆ ಒಂದೆರಡು ಮಾರ್ಕ್ಸ್ ಬರಬಹುದು, ಅಷ್ಟೇ. ಒಂದು ಕಾಯಿಲೆ ಹಿಡಿದು ಕೊನೆಯವರೆಗೂ ಹೋಗಿ. ಸಕ್ಕರೆ ಕಾಯಿಲೆಯನ್ನೇ ತೆಗೆದುಕೊಳ್ಳಿ. ಊಟವಾದ ಮೇಲೆ ರಕ್ತದಲ್ಲಿ ಗ್ಲೂಕೋಸ್ ಏರುತ್ತದೆ. ಪ್ಯಾಂಕ್ರಿಯಾಸ್‌ನ ಬೀಟಾ ಕೋಶಗಳು ಗ್ಲೂಕೋಸ್ ಇಳಿಸುವ ಹಾರ್ಮೋನ್ ಇನ್ಸುಲಿನ್ ಬಿಡುತ್ತವೆ. ಗ್ಲೂಕೋಸ್ ಇಳಿದ ಹಾಗೆ ಇನ್ಸುಲಿನ್ ಕೂಡ ಕಡಿಮೆಯಾಗುತ್ತದೆ. ಆದ ಬದಲಾವಣೆಯನ್ನು ಹಿಂದಕ್ಕೆ ತರುವ ಇದೇ ನೆಗೆಟಿವ್ ಫೀಡ್‌ಬ್ಯಾಕ್.

ಈಗ ಟೈಪ್ 1 ಸಕ್ಕರೆ ಕಾಯಿಲೆಯಲ್ಲಿ ಇನ್ಸುಲಿನ್ನೇ ಇಲ್ಲ ಅಂದುಕೊಳ್ಳಿ. ಗ್ಲೂಕೋಸ್ ಮೂತ್ರಕ್ಕೆ ಇಳಿಯುತ್ತದೆ, ನೀರನ್ನೂ ಎಳೆದುಕೊಂಡು ಹೋಗುತ್ತದೆ. ಅದಕ್ಕೇ ಪದೇ ಪದೇ ಮೂತ್ರ, ತಡೆಯಲಾಗದ ಬಾಯಾರಿಕೆ. ಗ್ಲೂಕೋಸ್ ಬಳಸಲಾಗದೆ ದೇಹ ಕೊಬ್ಬು ಕರಗಿಸುತ್ತದೆ, ಅದರಿಂದ ಹುಟ್ಟುವ ಆಮ್ಲೀಯ ಕೀಟೋನ್ ಜಾಸ್ತಿಯಾಗುತ್ತದೆ, ರಕ್ತದ ಪಿಎಚ್ (ಕಡಿಮೆಯಾದಷ್ಟೂ ಆಮ್ಲ ಹೆಚ್ಚು) 7.35ಕ್ಕಿಂತ ಕೆಳಗಿಳಿಯುತ್ತದೆ. ಆಗ ರೋಗಿ ಆಳವಾಗಿ, ಜೋರಾಗಿ ಉಸಿರಾಡುವುದು ಯಾಕೆ? ಕಾರ್ಬನ್ ಡೈಆಕ್ಸೈಡ್ ಹೊರಹಾಕಿ ಆಮ್ಲ ತಗ್ಗಿಸಲು. ಅಂದರೆ ಆ ಲಕ್ಷಣವೂ ಸಮತೋಲನಕ್ಕಾಗಿ ದೇಹ ಪಡುವ ಪಾಡೇ ಅಲ್ವಾ? ಇದು ಹೊಳೆದ ಮೇಲೆ ಈ ಆಳವಾದ ಉಸಿರಾಟವನ್ನು, ಅಂದರೆ ಕುಸ್ಮಾಲ್ ಉಸಿರಾಟವನ್ನು, ನಾನು ಮತ್ತೆ ಮರೆತಿಲ್ಲ.

ಪಾಸಿಟಿವ್ ಫೀಡ್‌ಬ್ಯಾಕ್‌ಗೆ (ಆದ ಬದಲಾವಣೆಯನ್ನು ಇನ್ನೂ ಹೆಚ್ಚಿಸುವುದು) ಹೆರಿಗೆಯಲ್ಲಿ ಗರ್ಭಕೋಶವನ್ನು ಸಂಕುಚಿಸುವ ಹಾರ್ಮೋನ್ ಆಕ್ಸಿಟೋಸಿನ್ ಉದಾಹರಣೆ ಸಾಕು.

ಬರುವಾಗ ಈ ಸರಪಳಿಯನ್ನು ಬಾಣದ ಗುರುತು ಹಾಕಿ ಒಂದು ಹಾಳೆಯಲ್ಲಿ ಬರೆದು ತನ್ನಿ. ನೋಟ್ಸ್ ಫೋಟೋಗಳನ್ನು ಸುಮ್ನೆ ಗುಂಪಿಗೆ ಸುರಿಯಬೇಡಿ, ಯಾರೂ ಓದುವುದಿಲ್ಲ.