ಟ್ರಸ್ಟ್‌ನಲ್ಲಿ ಸಿಕ್ಕಿಬಿದ್ದ ನಮ್ಮ ಪಿಎಫ್‌ಗೆ ಗಡುವು ಹಾಕಿ: ಕೇಂದ್ರ ಕಾರ್ಮಿಕ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ, ನಮಸ್ಕಾರ.

ನಾನು ಪೀಣ್ಯದ ಕಾರ್ಖಾನೆಯೊಂದರಲ್ಲಿ ಟೂಲ್ ರೂಮ್ ಕೆಲಸಗಾರ. ಹಳೇ ಕಂಪನಿ ಬಿಟ್ಟು ಎರಡು ವರ್ಷ ದಾಟಿತು. ಅಲ್ಲಿ ದುಡಿದ ಹದಿನಾಲ್ಕು ವರ್ಷದ ಪಿಎಫ್ ಇನ್ನೂ ಹೊಸ ಖಾತೆಗೆ ಬಂದಿಲ್ಲ. ಆ ಕಂಪನಿಗೆ ಪಿಎಫ್ ಕಾಯ್ದೆಯ ಸೆಕ್ಷನ್ 17ರ ವಿನಾಯಿತಿ ಇದೆ, ಅಂದರೆ ಕಾರ್ಮಿಕರ ಪಿಎಫ್ ಹಣ ಸರ್ಕಾರದ ಪಿಎಫ್ ಸಂಸ್ಥೆಗೆ ಹೋಗೋದಿಲ್ಲ. ಪಿಎಫ್ ನೋಡಿಕೊಳ್ಳೋದು ಅದರದೇ ಟ್ರಸ್ಟ್. ಹಣ ಹೊಸ ಖಾತೆಗೆ ವರ್ಗಾಯಿಸಿ ಅಂತ ಕೇಳುವ ಅರ್ಜಿ, ಫಾರ್ಮ್ 13, ಹಾಕಿ ಕಾಯುತ್ತಲೇ ಇದ್ದೇನೆ. ಇಂಥ ಟ್ರಸ್ಟ್‌ಗಳಿಗೆ ದಯವಿಟ್ಟು ಗಡುವು ಹಾಕಿ.

2014ರಲ್ಲಿ ಯುಎಎನ್ (ಪ್ರತಿ ಪಿಎಫ್ ಸದಸ್ಯನಿಗೂ ಒಂದೇ ಕಾಯಂ ನಂಬರ್) ಬಂದಾಗ, ಕೆಲಸ ಬದಲಾದರೂ ನಂಬರ್ ಒಂದೇ ಅಂತ ನಾವೆಲ್ಲ ಖುಷಿಪಟ್ಟಿದ್ದೆವು. ಈಗ ಪಾಸ್‌ಬುಕ್ ತೆರೆದರೆ ಹೊಸ ಕಂಪನಿಯ ಲೆಕ್ಕ ತಿಂಗಳು ತಿಂಗಳೂ ಕಾಣುತ್ತದೆ. ಹಳೇ ಕಂಪನಿಯ ಪಿಎಫ್ ಐಡಿ ಒತ್ತಿದರೆ, ಇದು ವಿನಾಯಿತಿ ಪಡೆದ ಸಂಸ್ಥೆ, ಪಾಸ್‌ಬುಕ್ ಸಿಗುವುದಿಲ್ಲ ಅಂತ ಒಂದು ಸಾಲು. 2024-25ಕ್ಕೆ ಸರ್ಕಾರದ ಬಡ್ಡಿ ಶೇ 8.25. ಟ್ರಸ್ಟ್ ಅದಕ್ಕಿಂತ ಕಡಿಮೆ ಕೊಡುವಂತಿಲ್ಲ, ನಿಮಗೆ ಗೊತ್ತೇ ಇದೆ. ಆದರೆ ಎರಡೂ ಖಾತೆ ಪಕ್ಕಪಕ್ಕ ಇಟ್ಟು ತಾಳೆ ನೋಡೋಣ ಅಂದರೆ ನನ್ನ ಕೈಲಿರೋದು ಒಂದೇ.

ಟ್ರಸ್ಟ್ ಕಚೇರಿಯಲ್ಲಿ ಆದದ್ದನ್ನು ಹೇಳಲೇಬೇಕು. ಅವರ ದಾಖಲೆಯಲ್ಲಿ ನಮ್ಮಪ್ಪನ ಹೆಸರು ಸಿದ್ದಪ್ಪ. ಆಧಾರ್‌ನಲ್ಲಿ ಇಂಗ್ಲಿಷಿನ ಒಂದು ಎಚ್ ಜಾಸ್ತಿ ಇದೆ. ಹೆಸರು ಹೊಂದುತ್ತಿಲ್ಲ, ತಂದೆಯ ಕೈಯಲ್ಲೇ ಒಂದು ಪತ್ರ ಬರೆಸಿ ಸಹಿ ಹಾಕಿಸಿ ತನ್ನಿ ಅಂದರು. ಅಪ್ಪ ತೀರಿಕೊಂಡಿದ್ದಾರೆ ಸ್ವಾಮಿ, ಅಂದೆ. ತಲೆ ಎತ್ತಲೂ ಇಲ್ಲ. ಹಾಗಾದರೆ ಮರಣ ಪ್ರಮಾಣಪತ್ರ ತನ್ನಿ ಅಂದರು. ಊರಿಗೆ ಹೋಗಿ, ಟ್ರಂಕಿನ ತಳದಲ್ಲಿ ಮಡಚಿಟ್ಟಿದ್ದ ಹಳೇ ಪತ್ರ ತಂದುಕೊಟ್ಟೆ. ಇದು ಕನ್ನಡದಲ್ಲಿದೆ, ಇಂಗ್ಲಿಷಿನದು ಬೇಕು ಅಂದರು. ಬೆಂಗಳೂರಿನಲ್ಲಿ ಕೂತು ಹೇಳಿದ ಮಾತಿದು! ಕಣ್ಣಲ್ಲಿ ನೀರು ಬಂತು. ಸತ್ತವರನ್ನೂ ಬಿಡೋದಿಲ್ವಾ ಇವರು?

ಸುಮ್ನೆ ವಿತ್‌ಡ್ರಾ ಮಾಡಿಬಿಡಿ ಅಂತಾರೆ ಕೆಲವರು. ಯಾಕೆ ಮಾಡಬೇಕು? ಅದು ದುಡಿಯೋ ಶಕ್ತಿ ಹೋದ ಮೇಲೆ ನಾನೂ ನನ್ನ ಹೆಂಡತಿಯೂ ಊಟ ಮಾಡಬೇಕಾದ ಹಣ. ಪಿಂಚಣಿಗೆ ಹತ್ತು ವರ್ಷದ ಸರ್ವಿಸ್ ಬೇಕು. ಹಳೇ ಸರ್ವಿಸ್ ಲೆಕ್ಕಕ್ಕೆ ಬರಬೇಕಾದರೆ ಟ್ರಸ್ಟ್‌ನಿಂದ ಅನೆಕ್ಸರ್ ಕೆ, ಅಂದರೆ ಹಳೇ ಹಣದ್ದೂ ಸರ್ವಿಸಿನದ್ದೂ ವಿವರ ಇರೋ ಪತ್ರ, ಬರಬೇಕು. ಅದೂ ಬಂದಿಲ್ಲ. ಮನೆ ಕಟ್ಟಲು ಪಿಎಫ್ ಅಡ್ವಾನ್ಸ್ ತೆಗೆಯೋಣ ಅಂದರೆ ಹೊಸ ಖಾತೆಯಲ್ಲಿರೋದು ಸ್ವಲ್ಪವೇ, ಸಾಲದು. ತಾರಸಿ ಹಾಕಿಸಲು ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿಗೆ ಕೈಸಾಲ ಮಾಡಿದ್ದೇನೆ. ನನ್ನದೇ ಹಣ ಅಲ್ಲಿ ಕೊಳೆಯುತ್ತಿರುವಾಗ ನಾನು ಬೇರೆಯವರಿಗೆ ಬಡ್ಡಿ ಕಟ್ಟುತ್ತಿದ್ದೇನೆ.

2025ರ ಜನವರಿಯಲ್ಲಿ ಅನೇಕರ ವರ್ಗಾವಣೆಗೆ ಕಂಪನಿಯ ಒಪ್ಪಿಗೆ ಬೇಡ ಅಂತ ಮಾಡಿದಿರಿ. ಸಂತೋಷ. ಆದರೆ ಹಣ ಟ್ರಸ್ಟ್‌ನ ಕೈಲಿದ್ದರೆ ಕಳಿಸಬೇಕಾದವರು ಅವರೇ ಅಲ್ವಾ? ಪಿಎಫ್ ಸ್ಕೀಮಿನಲ್ಲೇ ಕ್ಲೇಮ್ ಇತ್ಯರ್ಥಕ್ಕೆ 20 ದಿನ ಅಂತಿದೆ. ಟ್ರಸ್ಟ್‌ಗಳೂ ಆ 20 ದಿನದಲ್ಲಿ ಹಣ ಕಳಿಸಬೇಕು ಅಂತ ಸ್ಪಷ್ಟವಾಗಿ ಆದೇಶ ಮಾಡಿ. ತಡ ಮಾಡಿದರೆ ಕೈಯಿಂದ ಬಡ್ಡಿ ಕಟ್ಟಲಿ. ಮತ್ತೂ ಕಳಿಸದಿದ್ದರೆ ವಿನಾಯಿತಿ ಕಿತ್ತುಕೊಳ್ಳಿ. ನಮ್ಮ ಪಾಸ್‌ಬುಕ್ ನಮಗೆ ಕಾಣುವ ಹಾಗೆ ಮಾಡಿ.

ಗಡುವು ಹಾಕಿ, ಸ್ವಾಮಿ. ನಾನು ಕೇಳುತ್ತಿರೋದು ನನ್ನ ಸಂಬಳದಿಂದ ಮುರಿದುಕೊಂಡ ಹಣ.

ಇಂತಿ,
ಪೀಣ್ಯದ ಒಬ್ಬ ಕಾರ್ಮಿಕ